ಬ್ರೌಸರ್‌ನಲ್ಲಿ ಓಡುವ ಕನ್ನಡ ಕವಿತೆ: ಕಟ್ಟುವ ಬಗೆ, ಕಳಿಸುವ ದಾರಿ

ಇದು ಪದ್ಯ ಬರೆದು ಫೇಸ್‌ಬುಕ್ ಗೋಡೆಗೆ ಹಾಕುವವರಿಗೆ ಬರೆದದ್ದಲ್ಲ. ಪುಟ ತೆರೆದಾಗಲೆಲ್ಲ ಹೊಸ ಸಾಲು ಹುಟ್ಟಿಸುವ, ಬೆರಳು ತಾಗಿದರೆ ಕದಲುವ, ಕಾಗದದ ಮೇಲೆ ಅಚ್ಚು ಹಾಕಲಾಗದ ಕವಿತೆ ಕಟ್ಟಬೇಕೆನ್ನುವವರಿಗೆ. ವಿದ್ಯುನ್ಮಾನ ಸಾಹಿತ್ಯ ಎಂದು ಕರೆಯುವ ಈ ಪ್ರಕಾರಕ್ಕೆ ತನ್ನದೇ ಪತ್ರಿಕೆ, ಸಂಕಲನ, ಬಹುಮಾನಗಳಿವೆ. ಅಲ್ಲಿಗೆ ಹೊರಟ ಒಳ್ಳೆಯ ಕನ್ನಡ ಕೃತಿ ಸಾಮಾನ್ಯವಾಗಿ ಎರಡು ಕಡೆ ಮುಗ್ಗರಿಸುತ್ತದೆ: ಪರದೆಯ ಮೇಲೆ ಅಕ್ಷರ ಒಡೆಯುತ್ತದೆ, ಇಲ್ಲವೇ ಕನ್ನಡ ಬಾರದ ತೀರ್ಪುಗಾರರ ಮುಂದೆ ವಿವರಣೆಯಿಲ್ಲದೆ ನಿಲ್ಲುತ್ತದೆ. ಎರಡನ್ನೂ ಸರಿಪಡಿಸಬಹುದು.

ಮೊದಲು ಪದಪಟ್ಟಿ

ಶುರುವಿಗೆ ಒಂದೇ ಎಚ್‌ಟಿಎಂಎಲ್ ಕಡತ (ಬ್ರೌಸರ್ ತೆರೆದು ತೋರಿಸುವ ಪುಟ) ಸಾಕು. ಮೂರು ಪದಪಟ್ಟಿ ಮಾಡಿ, ಪ್ರತಿಯೊಂದರಿಂದ ಒಂದೊಂದು ಪದ ಹೆಕ್ಕಿ ಸಾಲು ಕಟ್ಟುವ ಹತ್ತು ಹದಿನೈದು ಸಾಲಿನ ಜಾವಾಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಕೋಡ್) ಬರೆಯಿರಿ. ಈ ಕೆಲಸದಲ್ಲಿ ಕೋಡ್ ಸುಲಭದ ಭಾಗ, ಕವಿತೆಯಿರುವುದು ಪದಪಟ್ಟಿಯಲ್ಲಿ.

ಇಂಗ್ಲಿಷ್ ಮಾದರಿಗಳನ್ನು ನೋಡಿ ನಾಮಪದ, ವಿಭಕ್ತಿ, ಕ್ರಿಯಾಪದ ಎಂದು ತುಂಡು ತುಂಡಾಗಿ ಇಟ್ಟು ಜೋಡಿಸಲು ಹೋಗಬೇಡಿ. ಕನ್ನಡದಲ್ಲಿ ‘ಮರ’ ‘ಮರದಲ್ಲಿ’ ಆಗುತ್ತದೆ, ‘ಮಳೆ’ ‘ಮಳೆಯಲ್ಲಿ’ ಆಗುತ್ತದೆ, ‘ಊರು’ ‘ಊರಿನಲ್ಲಿ’ ಆಗುತ್ತದೆ. ಬರೀ ‘ಅಲ್ಲಿ’ ಅಂಟಿಸುವ ಕೋಡ್ ಮೂರು ಪದಕ್ಕೇ ಎಡವುತ್ತದೆ. ಸಂಧಿ, ಆಗಮಗಳಿಗೆಲ್ಲ ನಿಯಮ ಬರೆಯುವ ಬದಲು ಪದವನ್ನು ಪ್ರತ್ಯಯ ಸಮೇತ, ಸಾಲಿನಲ್ಲಿ ಹೇಗೆ ಬರಬೇಕೋ ಹಾಗೆಯೇ ಪಟ್ಟಿಗೆ ಹಾಕಿ. ಕರ್ತೃಪದಗಳೆಲ್ಲ ಒಂದೇ ಲಿಂಗ, ಒಂದೇ ವಚನದಲ್ಲಿರಲಿ. ನಪುಂಸಕಲಿಂಗದ ಪಟ್ಟಿಯೊಳಗೆ ಒಬ್ಬ ಹುಡುಗಿ ನುಸುಳಿದರೂ ‘ಹುಡುಗಿ ಕಾಯುತಿದೆ’ ಎಂಬ ಸಾಲು ಒಂದಲ್ಲ ಒಂದು ದಿನ ಹೊರಬಂದೇ ಬರುತ್ತದೆ.

ನಮ್ಮ ಛಂದಸ್ಸು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಪ್ರತಿ ಪದವೂ ಐದು ಮಾತ್ರೆಯ ಒಂದು ಗಣವಾಗಿದ್ದರೆ ಯಾವುದಕ್ಕೆ ಯಾವುದು ಸೇರಿದರೂ ಲಯ ಕೆಡುವುದಿಲ್ಲ. ಮೊದಲ ಪಟ್ಟಿಗೆ ಮಳೆಯೊಳಗೆ, ಹಿತ್ತಿಲಲಿ, ಬಾಗಿಲಲಿ, ಮರದಡಿಗೆ. ಎರಡನೆಯದಕ್ಕೆ ನೆನಪೊಂದು, ಹಕ್ಕಿಗರಿ, ಹಳೆಹಾಡು, ನೆರಳೊಂದು. ಮೂರನೆಯದಕ್ಕೆ ಸುಳಿಯುತಿದೆ, ನಡುಗುತಿದೆ, ಕಾಯುತಿದೆ, ಮಲಗಿತ್ತು. ಹೊರಬರುವ ಸಾಲುಗಳು ಹೀಗಿರುತ್ತವೆ:

ಹಿತ್ತಿಲಲಿ ಹಕ್ಕಿಗರಿ ನಡುಗುತಿದೆ
ಬಾಗಿಲಲಿ ಹಳೆಹಾಡು ಕಾಯುತಿದೆ
ಮಳೆಯೊಳಗೆ ನೆರಳೊಂದು ಮಲಗಿತ್ತು

ಒಂದೊಂದು ಪಟ್ಟಿಗೆ 12 ಪದ ಹಾಕಿದರೆ 12×12×12, ಅಂದರೆ 1728 ಸಾಲು. ಇನ್ನೂ ಹೆಚ್ಚಿಸುವ ಆಸೆಯಾಗುತ್ತದೆ, ತಡೆದುಕೊಳ್ಳಿ. 40 ಸಡಿಲ ಪದಗಳ ಪಟ್ಟಿಗಿಂತ 12 ಬಿಗಿ ಪದಗಳ ಪಟ್ಟಿ ಯಾವತ್ತೂ ಮೇಲು, ಏಕೆಂದರೆ ಓದುಗರು ಒಂದು ಕೂರಿಕೆಯಲ್ಲಿ ನೋಡುವುದು ಇಪ್ಪತ್ತು ಮೂವತ್ತು ಸಾಲು ಮಾತ್ರ. ಅದರಲ್ಲಿ ನಾಲ್ಕು ಸಪ್ಪೆಯಾಗಿದ್ದರೆ ಪುಟ ಮುಚ್ಚುತ್ತಾರೆ.

ಎರಡು ಎಚ್ಚರಿಕೆ. ಎರಡನೇ, ಮೂರನೇ ಪಟ್ಟಿಗಳಲ್ಲಿ ಒತ್ತಕ್ಷರದಿಂದ ಶುರುವಾಗುವ ಪದ ಬೇಡ. ಹಿಂದಿನ ಪದದ ಕೊನೆಯ ಲಘು ಗುರುವಾಗಿ ಐದು ಆರಾಗುತ್ತದೆ. ಇನ್ನೊಂದು, ಪದವನ್ನು ಪ್ರತಿ ಸಲ ಯಾದೃಚ್ಛಿಕವಾಗಿ ಆರಿಸಿದರೆ ಒಂದೇ ಪದ ಸಾಲುಸಾಲಾಗಿ ಎರಡು ಮೂರು ಬಾರಿ ಬರುತ್ತದೆ, ಓದುಗರಿಗೆ ಅದು ಕೆಟ್ಟುಹೋದಂತೆ ಕಾಣುತ್ತದೆ. ಪಟ್ಟಿಯನ್ನು ಕಲಸಿ, ಒಂದೊಂದಾಗಿ ತೆಗೆದು, ಖಾಲಿಯಾದ ಮೇಲೆ ಮತ್ತೆ ಕಲಸಿ.

ಮಾತ್ರೆಯನ್ನು ಕೋಡ್‌ನಿಂದಲೇ ಎಣಿಸಬೇಕೆಂದಿದ್ದರೆ ನಿಯಮ ಇಷ್ಟೇ: ದೀರ್ಘಸ್ವರ, ಐ, ಔ, ಅನುಸ್ವಾರ, ವಿಸರ್ಗ ಇದ್ದರೆ ಎರಡು. ಮುಂದೆ ಒತ್ತಕ್ಷರವೋ ಅರ್ಧಾಕ್ಷರವೋ ಬಂದರೆ ಎರಡು. ಉಳಿದದ್ದು ಒಂದು. ಕೊನೆಯ ಅರ್ಧಾಕ್ಷರಕ್ಕೆ ತನ್ನದೇ ಲೆಕ್ಕವಿಲ್ಲ. ಎಣಿಸುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಚಿಹ್ನೆಯನ್ನು ಎಲ್ಲೆಡೆ ಒಂದೇ ಬಗೆಯಲ್ಲಿ ಬರೆಯುವ ಯೂನಿಕೋಡ್ ರೂಪಕ್ಕೆ ತನ್ನಿ. ‘ಕೊ’ದ ಗುಣಿತ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕೋಡ್‌ಗೆ ಬೇರೆ ಬೇರೆ.

ಅಕ್ಷರ ಒಡೆಯದಂತೆ

ಅತಿ ಹೆಚ್ಚು ಕೃತಿಗಳು ಕೆಡುವುದು ಇಲ್ಲಿ. ಅಕ್ಷರ ಒಂದೊಂದಾಗಿ ಮೂಡುವ, ಉದುರುವ, ಚದುರುವ ಪರಿಣಾಮ ಬೇಕೆಂದು ಅಂತರ್ಜಾಲದಲ್ಲಿ ಸಿಕ್ಕ ಕೋಡ್ ತಂದು ಕನ್ನಡಕ್ಕೆ ಹಚ್ಚುತ್ತಾರೆ. ಆ ಕೋಡ್ ಯೂನಿಕೋಡ್ ಸಂಕೇತಗಳನ್ನು ಒಡೆಯುತ್ತದೆಯೇ ಹೊರತು ಅಕ್ಷರಗಳನ್ನಲ್ಲ. ‘ಕ್ಷ’ ಮೂರು ಸಂಕೇತ: ಕ, ಅರ್ಧಾಕ್ಷರ ಚಿಹ್ನೆ (ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆಯಲ್ಲಿ ಎಫ್ ಒತ್ತಿದರೆ ಬರುವುದು), ಷ. ಮೂರನ್ನೂ ಬೇರೆ ಬೇರೆ ಸ್ಪ್ಯಾನ್‌ಗೆ (ಸಾಲಿನೊಳಗಿನ ತುಂಡನ್ನು ಸುತ್ತುವರಿಯುವ ಎಚ್‌ಟಿಎಂಎಲ್ ಗುರುತಿಗೆ) ಹಾಕಿದರೆ ಒತ್ತು ಕೂಡುವುದಿಲ್ಲ, ಒಂಟಿಯಾದ ಗುಣಿತ ಚಿಹ್ನೆಯ ಪಕ್ಕ ಚುಕ್ಕಿಗಳ ವೃತ್ತ ಕಾಣಿಸುತ್ತದೆ.

ಪಠ್ಯವನ್ನು ತುಂಡು ಮಾಡಿಕೊಡುವ ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಸೆಗ್ಮೆಂಟರ್‌ನಲ್ಲಿ ಗ್ರಾಫೀಮ್ (ಕಣ್ಣಿಗೆ ಕಾಣುವ ಅಕ್ಷರ) ಆಯ್ಕೆ ಇದೆ, ಗುಣಿತಾಕ್ಷರಗಳನ್ನು ಅದು ಸರಿಯಾಗಿ ಹಿಡಿದಿಡುತ್ತದೆ. ಆದರೆ ಕನ್ನಡದ ಒತ್ತಕ್ಷರವನ್ನು ಎರಡಾಗಿ ಸೀಳಬಹುದು: ‘ಅಮ್ಮ’ ಎಂಬುದು ಅ, ಮ್, ಮ ಆಗಿ ಬರುತ್ತದೆ. ಪರಿಹಾರ ಒಂದು ಹೆಜ್ಜೆಯದು. ಯಾವ ತುಂಡು ಅರ್ಧಾಕ್ಷರ ಚಿಹ್ನೆಯಿಂದ ಮುಗಿಯುತ್ತದೋ ಅದನ್ನು ಮುಂದಿನ ತುಂಡಿಗೆ ಅಂಟಿಸಿ. ಮುಂದಿನದು ಬರೀ ಖಾಲಿ ಜಾಗವಾಗಿದ್ದರೆ ಬಿಟ್ಟುಬಿಡಿ. ‘ಬ್ರೌಸರ್‌ಗಳು’ ಪದದಲ್ಲಿ ರ್ ಆದಮೇಲೆ ಕಣ್ಣಿಗೆ ಕಾಣದ ಬೇರ್ಪಡಿಕೆ ಸಂಕೇತವಿರುವುದರಿಂದ ಅದು ತಾನಾಗಿಯೇ ಬೇರೆ ಉಳಿಯುತ್ತದೆ. ಪರೀಕ್ಷೆಗೆ ಅಮ್ಮ, ಕ್ಷಣ, ಸ್ತ್ರೀ, ಸೂರ್ಯ, ರಾಷ್ಟ್ರ, ಬ್ರೌಸರ್‌ಗಳು ಈ ಆರು ಪದ ಸಾಕು. ಇವು ಸರಿಯಾಗಿ ಕಂಡರೆ ಉಳಿದವೂ ಸರಿಯಾಗುತ್ತವೆ.

ಚಿತ್ರ ಸಮೇತ ಚಲನೆ ಬೇಕಾದವರು ಪಿ5 ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ (ಸಿದ್ಧ ಕೋಡ್‌ನ ಕಟ್ಟು) ಹಿಡಿಯುತ್ತಾರೆ. ಅದರ 1ನೇ ಸರಣಿಯ ಆವೃತ್ತಿಗಳಲ್ಲಿ ಲೋಡ್‌ಫಾಂಟ್ ಎಂಬ ಆದೇಶದ ಮೂಲಕ ಫಾಂಟ್ ತಂದರೆ ಕನ್ನಡದ ಒತ್ತು ಸರಿಯಾಗಿ ಕೂರುವುದಿಲ್ಲ. ಅಕ್ಷರಗಳನ್ನು ಬ್ರೌಸರ್ ಬದಲು ಬೇರೊಂದು ಲೈಬ್ರರಿ ಬಿಡಿಸುತ್ತದೆ, ಅದಕ್ಕೆ ನಮ್ಮ ಲಿಪಿಯ ಜೋಡಣೆ ಪೂರ್ತಿ ತಿಳಿಯದು. ಫಾಂಟನ್ನು ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಕೋಡ್‌ನಲ್ಲಿ) ಘೋಷಿಸಿ, ಪಿ5ಗೆ ಅದರ ಹೆಸರು ಮಾತ್ರ ಕೊಡಿ. ಆಗ ಬ್ರೌಸರೇ ಬರೆಯುತ್ತದೆ, ಸರಿಯಾಗಿ ಬರೆಯುತ್ತದೆ.

ಫಾಂಟ್‌ಗೆ ಬಡತನವಿಲ್ಲ. ನೋಟೊ ಸೆರಿಫ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ 2, ಬೆನ್ನೆ, ಹುಬ್ಬಳ್ಳಿ ಎಲ್ಲವೂ ಮುಕ್ತ ಪರವಾನಗಿಯವು. ಚಲಿಸುವ ಕವಿತೆಗೆ ನಮ್ಮ ಮೊದಲ ಆಯ್ಕೆ ಅನೇಕ್ ಕನ್ನಡ. ಅದರ ದಪ್ಪವನ್ನು 100ರಿಂದ 800ರವರೆಗೂ ಅಗಲವನ್ನು 75ರಿಂದ 125ರವರೆಗೂ ಬೇಕಾದಂತೆ ಬದಲಿಸಬಹುದು, ಪದ ಉಸಿರಾಡುವಂತೆ ಮಾಡಬಹುದು. ಫಾಂಟ್ ಕಡತವನ್ನು ನಿಮ್ಮ ಫೋಲ್ಡರಿನಲ್ಲೇ ಇಡಿ. ಗಾತ್ರ ಇಳಿಸಲು ತುಂಡರಿಸುವುದಾದರೆ ಒತ್ತಕ್ಷರ ಜೋಡಿಸುವ ಕೋಷ್ಟಕಗಳನ್ನು ಉಳಿಸುವ ಉಪಕರಣವನ್ನೇ ಬಳಸಿ, ಫಾಂಟ್‌ಟೂಲ್ಸ್ ಉಳಿಸುತ್ತದೆ. ಸಾಲಿನ ಎತ್ತರ 1.6ರಿಂದ 1.8 ಇರಲಿ. 1.2 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಳೆಯ ಪದ್ಯ ನುಡಿ, ಬರಹಗಳ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿದ್ದರೆ ಮೊದಲು ಪರಿವರ್ತಿಸಿ, ಆಮೇಲೆ ಪದಪದವಾಗಿ ಓದಿ ನೋಡಿ.

ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಘೋಷಿಸಿ. ಅಕ್ಷರ ಚದುರಿಸಿದ ಭಾಗವನ್ನು ಸ್ಕ್ರೀನ್ ರೀಡರ್‌ನಿಂದ ಮರೆಮಾಡಿ, ಅದೇ ಸಾಲನ್ನು ಇಡಿಯಾಗಿ ಪಕ್ಕದಲ್ಲಿ ಅದಕ್ಕೆ ಓದಲು ಕೊಡಿ. ಇಲ್ಲದಿದ್ದರೆ ಕಣ್ಣು ಕಾಣದ ಓದುಗರ ಕಿವಿಗೆ ಬರೀ ಬಿಡಿ ಅಕ್ಷರ ಬೀಳುತ್ತದೆ. ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿನುಗುವುದು ಬೇಡ. ದನಿ ಇದ್ದರೆ ‘ಶುರು ಮಾಡಿ’ ಎಂಬ ಗುಂಡಿ ಇರಲೇಬೇಕು. ಓದುಗರು ಒತ್ತುವ ಮೊದಲು ಬ್ರೌಸರ್‌ಗಳು ದನಿ ಬಿಡುವುದಿಲ್ಲ, ಕ್ರೋಮ್ 2018ರಿಂದ ಹೀಗೇ ಮಾಡುತ್ತಿದೆ.

ಜಾಲಕ್ಕೆ ಏರಿಸುವಾಗ

ಪುಟ ಇಡುವ ತಾಣಗಳಾದ ಗಿಟ್‌ಹಬ್ ಪೇಜಸ್, ನಿಯೋಸಿಟೀಸ್, ಇಚ್ ಡಾಟ್ ಐಒ, ಯಾವುದಾದರೂ ನಡೆಯುತ್ತದೆ, ಮೂರರಲ್ಲೂ ಕಾಸು ಕೊಡದೆ ಹಾಕಬಹುದು. ವಿಂಡೋಸ್‌ನಲ್ಲಿ ಓಡಿದ್ದು ಜಾಲದಲ್ಲಿ ಓಡದಿದ್ದರೆ ಮೊದಲು ಕಡತದ ಹೆಸರಿನ ದೊಡ್ಡ, ಸಣ್ಣ ಅಕ್ಷರ ನೋಡಿ. ಅಲ್ಲಿ ಅವು ಬೇರೆ ಬೇರೆ. ಗಿಟ್‌ಹಬ್‌ನಲ್ಲಿ ಓರೆಗೆರೆಯಿಂದ ಶುರುವಾಗುವ ವಿಳಾಸ ನಿಮ್ಮ ಫೋಲ್ಡರನ್ನು ಬಿಟ್ಟು ತಾಣದ ಬುಡಕ್ಕೆ ಹೋಗುತ್ತದೆ, ಹಾಗಾಗಿ ಸಾಪೇಕ್ಷ ವಿಳಾಸ ಬರೆಯಿರಿ. ಪದಪಟ್ಟಿಯನ್ನು ಬೇರೆ ಕಡತದಿಂದ ಫೆಚ್ ಮಾಡಬೇಡಿ, ಅಂದರೆ ಪುಟ ತೆರೆದಾಗ ಕೋಡ್‌ನಿಂದ ತರಿಸಿಕೊಳ್ಳಬೇಡಿ. ತೀರ್ಪುಗಾರರು ಜಿಪ್ ಬಿಚ್ಚಿ ನೇರವಾಗಿ ತೆರೆದರೆ ಬ್ರೌಸರ್ ಅದನ್ನು ತಡೆಯುತ್ತದೆ, ಬಿಳಿ ಪುಟ ಕಾಣುತ್ತದೆ.

ಯಾರ ಸಾಲು ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಭಾರತದಲ್ಲಿ ಕೃತಿಸ್ವಾಮ್ಯ ಕವಿ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಅಂದರೆ ಅವರ ಸಾಲನ್ನು 2041ರ ಕೊನೆಯವರೆಗೂ ಅನುಮತಿಯಿಲ್ಲದೆ ಕತ್ತರಿಸಿ ಕಲಸುವಂತಿಲ್ಲ. ವಚನ, ತ್ರಿಪದಿಗಳ ಮೂಲಪಾಠಕ್ಕೆ ತಡೆಯಿಲ್ಲ, ಇತ್ತೀಚಿನ ಸಂಪಾದಕರ ಟಿಪ್ಪಣಿಗೆ ಇದೆ.

ಗುರುತು ಸಿಗಬೇಕಾದರೆ

ಕೃತಿಯ ಜೊತೆ ಒಂದು ಕಡತಕಟ್ಟು ಸಿದ್ಧವಿಟ್ಟುಕೊಳ್ಳಿ: ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ 150ರಿಂದ 200 ಪದಗಳ ವಿವರಣೆ, ಐದು ಸ್ಥಿರಚಿತ್ರ, 60ರಿಂದ 90 ಸೆಕೆಂಡಿನ ಪರದೆ ವಿಡಿಯೊ, ಹೆಸರು, ವರ್ಷ, ಬಳಸಿದ ಉಪಕರಣ, ಫಾಂಟಿನ ಪರವಾನಗಿ. ವಿವರಣೆಯಲ್ಲಿ ‘ತಂತ್ರಜ್ಞಾನ ಮತ್ತು ಕಾವ್ಯದ ಸಂಗಮ’ ಎಂಬಂತಹ ಮಾತು ಬೇಡ. ಓದುಗರು ಏನು ಮಾಡಬೇಕು, ಪರದೆಯಲ್ಲಿ ಏನಾಗುತ್ತದೆ, ಅದು ಕನ್ನಡದಲ್ಲಿ ಮಾತ್ರ ಯಾಕೆ ಸಾಧ್ಯ ಎಂಬ ಮೂರಕ್ಕೆ ನೇರ ಉತ್ತರ ಬರೆಯಿರಿ. ಐದು ಮಾತ್ರೆಯ ಗಣಗಳಿಂದ ಕಟ್ಟಿದ್ದು ಎಂಬ ಒಂದು ವಾಕ್ಯ ತೀರ್ಪುಗಾರರಿಗೆ ಒಂದು ಪುಟದ ಸಿದ್ಧಾಂತಕ್ಕಿಂತ ಹೆಚ್ಚು ಹೇಳುತ್ತದೆ. ಪದಪಟ್ಟಿಗೆ ಎಐ ನೆರವು ಪಡೆದಿದ್ದರೆ ಎಲ್ಲಿ, ಎಷ್ಟು ಎಂದು ಬಚ್ಚಿಡದೆ ಹೇಳಿ.

ಅನುವಾದ ಮಾಡುವಾಗ ಹೊರಬಂದ ಸಾಲುಗಳನ್ನಲ್ಲ, ಪಟ್ಟಿಗಳನ್ನು ಅನುವಾದಿಸಿ. ಕನ್ನಡದ ಸಾಲು ಹುಟ್ಟಿದಂತೆಲ್ಲ ಇಂಗ್ಲಿಷ್ ಸಾಲು ಕೆಳಗೆ ಸಣ್ಣದಾಗಿ ಬರಲಿ, ಬೇಡವಾದರೆ ಮರೆಮಾಡುವ ಗುಂಡಿ ಇರಲಿ. ಪದಕ್ರಮ ಬೇರೆಯಾದ್ದರಿಂದ ಇಂಗ್ಲಿಷ್‌ನಲ್ಲಿ ಪಟ್ಟಿಗಳನ್ನು ಜೋಡಿಸುವ ಅನುಕ್ರಮವನ್ನು ಬದಲಿಸಬೇಕಾದೀತು.

ಕಳಿಸಲು ಮೊದಲ ಜಾಗ ಟೇಪರ್ ಎಂಬ ಜಾಲಪತ್ರಿಕೆ. ಅಲ್ಲಿ ಸಂಚಿಕೆಗೊಂದು ವಿಷಯ, ಕೃತಿಗೆ 2 ಕಿಲೋಬೈಟ್, ಅಂದರೆ 2048 ಬೈಟ್‌ಗಳ ಮಿತಿ. ಲೆಕ್ಕ ಹಾಕಿಕೊಳ್ಳಿ: ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದು ಸಂಕೇತಕ್ಕೆ ಮೂರು. ‘ಕ್ಷ’ ಒಂದಕ್ಕೇ ಒಂಬತ್ತು, ‘ಮಳೆಯೊಳಗೆ’ ಪದಕ್ಕೆ 24. 36 ಪದಗಳಿಗೆ ಸುಮಾರು 870 ಬೈಟ್ ಹೋಗಿ ಕೋಡ್‌ಗೆ ಸಾವಿರದ ಮೇಲೆ ಸ್ವಲ್ಪ ಉಳಿಯುತ್ತದೆ. ಪದಗಳನ್ನು ಒಂದೇ ಸಾಲಿನಲ್ಲಿ ಖಾಲಿ ಜಾಗ ಬಿಟ್ಟು ಬರೆದು ಕೋಡ್‌ನಲ್ಲಿ ಸ್ಪ್ಲಿಟ್ ಮಾಡಿದರೆ (ಬಿಡಿ ಪದಗಳಾಗಿ ಒಡೆದರೆ) ಉದ್ಧರಣ ಚಿಹ್ನೆ, ಅಲ್ಪವಿರಾಮಗಳ ಬೈಟ್ ಉಳಿತಾಯ. ದೊಡ್ಡ ಕೃತಿಗೆ ವರ್ಜೀನಿಯಾ ಟೆಕ್‌ನ ದಿ ನ್ಯೂ ರಿವರ್ ಇದೆ, 1996ರಿಂದ ನಡೆಯುತ್ತಿರುವ ಪತ್ರಿಕೆ. ಬಹುಮಾನಗಳಲ್ಲಿ ಬ್ರಿಟನ್ನಿನಲ್ಲಿ 2010ರಲ್ಲಿ ಶುರುವಾದ ನ್ಯೂ ಮೀಡಿಯಾ ರೈಟಿಂಗ್ ಪ್ರೈಜ್, 1999ರಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಲಿಟರೇಚರ್ ಆರ್ಗನೈಸೇಶನ್ ಕೊಡುವ ರಾಬರ್ಟ್ ಕೂವರ್ ಪ್ರಶಸ್ತಿ ಮುಖ್ಯವಾದವು. ಇದೇ ಸಂಸ್ಥೆ 2006, 2011, 2016, 2022ರಲ್ಲಿ ನಾಲ್ಕು ಸಂಕಲನ ತಂದಿದೆ, ಇಂಗ್ಲಿಷ್ ಅಲ್ಲದ ಭಾಷೆಗಳ ಕೃತಿಗಳೂ ಅದರಲ್ಲಿವೆ. ಗಡುವು, ಪ್ರವೇಶ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ.

ಬಹುಮಾನಕ್ಕಿಂತ ಹೆಚ್ಚು ಕಾಲ ಬಾಳುವುದು ದಾಖಲೆ. ಬರ್ಗನ್ ವಿಶ್ವವಿದ್ಯಾಲಯದ ಎಲ್ಮ್‌ಸಿಪ್ ಜ್ಞಾನಕೋಶ ಸಂಶೋಧಕರು ಹುಡುಕುವ ಜಾಗ, ನಿಮ್ಮ ಕೃತಿ ಅಲ್ಲಿ ನಮೂದಾಗುವಂತೆ ನೋಡಿಕೊಳ್ಳಿ. ಸಂಶೋಧನಾ ಕಡತಗಳ ಜಾಲಭಂಡಾರ ಝೆನೊಡೊದಲ್ಲಿ ಜಿಪ್ ಇಟ್ಟರೆ ಹಣವಿಲ್ಲದೆ ಡಿಒಐ (ಕೃತಿಯ ಶಾಶ್ವತ ಗುರುತುಸಂಖ್ಯೆ) ಸಿಗುತ್ತದೆ, ಪ್ರಬಂಧ ಬರೆಯುವವರು ಉಲ್ಲೇಖಿಸಲು ಅದು ಬೇಕು.

ಕನ್ನಡದ ಓದುಗರನ್ನು ಮಾತ್ರ ಇಷ್ಟರಿಂದ ಮುಟ್ಟಲಾಗದು, ಅವರೇ ಮೊದಲ ಓದುಗರಾಗಬೇಕು. ನಮ್ಮ ಸಾಹಿತ್ಯ ತಾಣಗಳಿಗೆ ಕಳಿಸುವಾಗ ಅಲ್ಲಿ ಸ್ಕ್ರಿಪ್ಟ್ ಓಡುವುದಿಲ್ಲವೆಂದೇ ಹಿಡಿದು, ಹತ್ತು ಹನ್ನೆರಡು ಆಯ್ದ ಸಾಲು, ಒಂದು ಚಿತ್ರ, ಕೊಂಡಿ, ಕಟ್ಟಿದ ಬಗೆಯ ಕಿರುಬರಹ ಕಳಿಸಿ. ಇನ್‌ಸ್ಟಾಗ್ರಾಂಗೆ 1080×1920 ಅಳತೆಯ ಲಂಬ ವಿಡಿಯೊ ಮಾಡಿ. ಅಲ್ಲಿ ಚಿತ್ರದ ಕೆಳಗೆ ಬರೆದ ಕೊಂಡಿಯನ್ನು ಒತ್ತಲಾಗದು, ಪರಿಚಯದ ಜಾಗದಲ್ಲಿ ಹಾಕಿ. ಕವಿಗೋಷ್ಠಿಯಲ್ಲಿ ತೋರಿಸುವ ಅವಕಾಶ ಸಿಕ್ಕರೆ ಬಿಡಬೇಡಿ. ಪೆನ್‌ಡ್ರೈವ್‌ನಲ್ಲಿ ಪೂರ್ತಿ ಕೃತಿ ಒಯ್ಯಿರಿ, ಸಭಾಂಗಣದ ವೈಫೈ ನಂಬಬೇಡಿ. ಹಳೆಯ ಪ್ರೊಜೆಕ್ಟರ್‌ಗಳಲ್ಲಿ ತೆಳು ಅಕ್ಷರ ಕರಗಿಹೋಗುತ್ತದೆ, ದಪ್ಪ 600, ಗಾತ್ರ 48 ಪಿಕ್ಸೆಲ್‌ಗೆ ಏರಿಸಿ. ಹುಟ್ಟಿದ ಸಾಲನ್ನು ಆ ಕ್ಷಣದಲ್ಲೇ ಗಟ್ಟಿಯಾಗಿ ಓದಿ, ಸಭಿಕರಿಗೆ ಲಯ ಸಿಗುವುದು ಆಗ.

ಜಾಲದಲ್ಲಿ ಚಲನೆಗೆ ಬಳಸುತ್ತಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಾಗ ಒಂದಿಡೀ ತಲೆಮಾರಿನ ಜಾಲಕವಿತೆಗಳು ತೆರೆಯದಂತಾದವು. ನಿಮ್ಮದು ಬೇರೆಯವರ ಸರ್ವರ್‌ನಿಂದ ಲೈಬ್ರರಿ ತರಿಸಿಕೊಳ್ಳುತ್ತಿದ್ದರೆ ಆ ಕಡತವನ್ನು ಇಳಿಸಿ ನಿಮ್ಮ ಫೋಲ್ಡರಿಗೇ ಹಾಕಿ. ಪ್ರಕಟಿಸಿದ ದಿನವೇ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಪುಟ ಉಳಿಸಿ. ಸ್ವಂತ ಡೊಮೇನ್ ಕೊಂಡಿದ್ದರೆ ನವೀಕರಣದ ದಿನಾಂಕ ಕ್ಯಾಲೆಂಡರಿನಲ್ಲಿರಲಿ. ಸ್ಪರ್ಧೆಗೆ ಕಳಿಸಿದ ವಿಳಾಸವನ್ನು ತೀರ್ಪುಗಾರರು ತೆರೆಯುವುದು ತಿಂಗಳುಗಳ ನಂತರ. ಆ ನಡುವೆ ತಿದ್ದಬೇಕೆನಿಸಿದರೆ ಎರಡನೇ ಆವೃತ್ತಿಯನ್ನು ಬೇರೆ ಫೋಲ್ಡರಿನಲ್ಲಿ, ಬೇರೆ ವಿಳಾಸದಲ್ಲಿ ಹಾಕಿ, ಕಳಿಸಿದ್ದನ್ನು ಮುಟ್ಟಬೇಡಿ.