ಹೆಡ್‌ಲೈಟ್ ಬಲ್ಬ್ ಮನೆಯಲ್ಲೇ ಬದಲಿಸುವುದು: ಯಾವುದು ಕೊಳ್ಳಬೇಕು, ಹೇಗೆ ಕೂರಿಸಬೇಕು

ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಶಿರಾ, ಪಾವಗಡ, ಗೌರಿಬಿದನೂರು, ಚಿಂತಾಮಣಿ ಕಡೆಯ ಹಳ್ಳಿ ರಸ್ತೆಗಳಲ್ಲಿ ಕಾರು ಓಡಿಸಿದವರಿಗೆ ಹೆಡ್‌ಲೈಟಿನ ಬೆಲೆ ಗೊತ್ತು. ರಾಗಿ, ಹುರುಳಿ ಒಕ್ಕಣೆ ಟಾರ್ ರೋಡಿನ ಮೇಲೇ ನಡೆದಿರುತ್ತದೆ. ಹಗಲು ಹುಲ್ಲಿನ ಅಂಚಿಗೆ ಇಟ್ಟ ಕಲ್ಲುಗಳನ್ನು ಸಂಜೆ ಯಾರೂ ಎತ್ತಿಟ್ಟಿರುವುದಿಲ್ಲ. ಮುಂದೆ ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಇದ್ದರಂತೂ ಹತ್ತಿರ ಹೋಗುವವರೆಗೂ ಕಾಣದು. ಲೈಟು ಮಂಕು ಎನಿಸಿದ ಕೂಡಲೇ ಬಹಳ ಜನ ಸೀದಾ ಅಂಗಡಿಗೆ ಹೋಗಿ 100 ವ್ಯಾಟಿನ ಬಲ್ಬನ್ನೋ ಬೆಳ್ಳಗಿನ ಎಲ್‌ಇಡಿಯನ್ನೋ ಹಾಕಿಸಿಬಿಡುತ್ತಾರೆ. ಅದರ ಅಗತ್ಯ ಬೀಳುವುದು ಬಹಳ ಅಪರೂಪ. ಕಂಪನಿ ಹೇಳಿದ ವ್ಯಾಟಿನದೇ ಹೊಸ ಬಲ್ಬ್ ನೆಟ್ಟಗೆ ಕೂತು, ಅದಕ್ಕೆ ಪೂರ್ತಿ ವೋಲ್ಟೇಜ್ ಸಿಕ್ಕು, ಫೋಕಸ್ ಸರಿಯಿದ್ದರೆ ಈ ರಸ್ತೆಗಳಿಗೆ ಸಾಕು. ಈ ಮೂರರಲ್ಲಿ ಒಂದು ತಪ್ಪಿದರೂ ಎಷ್ಟು ದುಬಾರಿ ಬಲ್ಬ್ ತಂದರೂ ವ್ಯರ್ಥ.

ಹೋಗಿರುವುದು ಬಲ್ಬೇ ಹೌದಾ?

ಒಂದು ಕಡೆ ಮಾತ್ರ ಹತ್ತುತ್ತಿಲ್ಲ ಎಂದರೆ ಸಾಮಾನ್ಯವಾಗಿ ಬಲ್ಬೇ ಸುಟ್ಟಿರುತ್ತದೆ. ಎರಡೂ ಕಡೆಯ ಡಿಮ್ ಒಟ್ಟಿಗೆ ಹೋಗಿ ಬ್ರೈಟ್ ಮಾತ್ರ ಬರುತ್ತಿದ್ದರೆ ಮೊದಲು ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚಿನ ಡಬ್ಬಿ), ಸ್ಟೀರಿಂಗ್ ಪಕ್ಕದ ಸ್ವಿಚ್ಚನ್ನು ಅನುಮಾನಿಸಿ. ಎರಡು ಬಲ್ಬ್ ಒಂದೇ ಹೊತ್ತಿಗೆ ಸುಡುವುದು ಕಡಿಮೆ. ಹಲವು ಕಾರುಗಳಲ್ಲಿ ಎಡಕ್ಕೆ, ಬಲಕ್ಕೆ ಬೇರೆ ಬೇರೆ ಫ್ಯೂಸ್ ಇರುತ್ತದೆ, ಹಾಗಾಗಿ ಒಂದೇ ಕಡೆ ಹೋಗಿದ್ದರೂ ಕಾರಣ ಫ್ಯೂಸ್ ಇರಬಹುದು. ಎರಡೂ ಒಂದೇ ಆಂಪಿಯರಿನವಾಗಿದ್ದರೆ ಅದಲು ಬದಲು ಮಾಡಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಬಲ್ಬಿನೊಳಗಿನ ಎರಡು ಫಿಲಮೆಂಟ್‌ಗಳೂ (ಬೆಳಕು ಕೊಡುವ ತಂತಿಗಳು) ಅರೆಬರೆ ಕೆಂಪಗೆ ಒಟ್ಟಿಗೆ ಉರಿಯುತ್ತಿದ್ದರೆ, ಕರೆಂಟು ವಾಪಸ್ ಹೋಗುವ ಅರ್ಥ್ ವೈರು ಸಡಿಲವಾಗಿದೆ. ಕಾರಿನ ಲೋಹದ ಮೈಗೆ ಕಚ್ಚಿಸಿದ ಆ ವೈರಿನ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಬಿಗಿ ಮಾಡಿ.

ಬಿಚ್ಚಿದ ಹಳೆ ಬಲ್ಬನ್ನು ಎಸೆಯುವ ಮೊದಲು ಗಾಜು ನೋಡಿ. ಒಳಗೆ ಕಪ್ಪು, ಬೂದು ಬಣ್ಣ ಹಿಡಿದಿದ್ದರೆ ಅದು ವಯಸ್ಸಾಗಿ ಸತ್ತ ಬಲ್ಬ್. ಹಾಲು ಚೆಲ್ಲಿದಂತೆ ಬೆಳ್ಳಗಾಗಿದ್ದರೆ ಗಾಜು ಎಲ್ಲೋ ಬಿರುಕು ಬಿಟ್ಟು ಗಾಳಿ ಒಳಹೊಕ್ಕಿದೆ. ಕಾದ ಗಾಜಿನ ಮೇಲೆ ನೀರು ಬಿದ್ದರೆ ಹೀಗಾಗುತ್ತದೆ, ಹಾಗಾಗಿ ಹಿಂದಿನ ರಬ್ಬರ್ ಕ್ಯಾಪ್ ಸರಿ ಇದೆಯಾ ನೋಡಿ. ಗಾಜು ಒಂದು ಕಡೆ ಗುಳ್ಳೆಯಂತೆ ಉಬ್ಬಿದ್ದರೆ ಹಾಕಿದವರ ಬೆರಳಿನ ಜಿಡ್ಡು ಅಲ್ಲಿ ಅಂಟಿತ್ತು ಎಂದರ್ಥ. ಗಾಜು ತಿಳಿಯಾಗಿದ್ದು ಫಿಲಮೆಂಟ್ ಮಾತ್ರ ತುಂಡಾಗಿದ್ದರೆ ಕಾರಣ ಕುಲುಕಾಟ ಇಲ್ಲವೇ ಹೆಚ್ಚಿನ ವೋಲ್ಟೇಜ್. ಕೆಲವೇ ತಿಂಗಳಿಗೊಮ್ಮೆ ಬಲ್ಬ್ ಹೋಗುತ್ತಿದ್ದರೆ ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಇಡಿ. 13.8ರಿಂದ 14.4 ವೋಲ್ಟ್ ಬಂದರೆ ಸರಿ. 15ರ ಹತ್ತಿರ ಹೋದರೆ ಆಲ್ಟರ್ನೇಟರಿನ (ಇಂಜಿನ್ನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ನೋಡಿಸಬೇಕು. ವೋಲ್ಟೇಜ್ ಶೇ 5ರಷ್ಟು ಏರಿದರೂ ಹ್ಯಾಲೊಜನ್ ಬಲ್ಬಿನ (ಫಿಲಮೆಂಟ್ ಇರುವ ಈ ಮಾಮೂಲಿ ಹೆಡ್‌ಲೈಟ್ ಬಲ್ಬಿನ) ಆಯುಷ್ಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ.

ಯಾವ ಬಲ್ಬ್?

ಹಳೆ ಬಲ್ಬಿನ ಬುಡದ ಲೋಹದ ಮೇಲೆ ಅಥವಾ ಕಾರಿನ ಓನರ್ ಮ್ಯಾನ್ಯುಯಲ್‌ನಲ್ಲಿ ಅದರ ಜಾತಿ ಬರೆದಿರುತ್ತದೆ. ಆಲ್ಟೊ, ಈಕೋ, ಬೊಲೆರೊದಂಥ ಗಾಡಿಗಳಲ್ಲಿ ಇರುವುದು ಎಚ್4: ಮೂರು ಪಿನ್ನು, ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್, ಬ್ರೈಟಿಗೆ 60 ವ್ಯಾಟ್, ಡಿಮ್ಮಿಗೆ 55 ವ್ಯಾಟ್. ಡಿಮ್ಮಿಗೊಂದು, ಬ್ರೈಟಿಗೊಂದು ಬಲ್ಬ್ ಇರುವ ಕಾರುಗಳಲ್ಲಿ ಎಚ್7, ಎಚ್1, ಎಚ್11 ಬರುತ್ತವೆ, ಎಲ್ಲ 55 ವ್ಯಾಟ್. ಬ್ರೈಟಿಗೆ ಎಚ್‌ಬಿ3 ಇದ್ದರೆ 60 ವ್ಯಾಟ್. ಎಚ್11, ಎಚ್‌ಬಿ3 ಎರಡೂ ‘ಎಲ್’ ಆಕಾರದ ಪ್ಲಾಸ್ಟಿಕ್ ಬುಡದವು, ನೋಡಲು ಅಣ್ಣತಮ್ಮಂದಿರಂತೆ. ಆದರೆ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಬುಡದ ಕಿವಿ ಕೆರೆದು ಕೂರಿಸಿ ಕೊಡುತ್ತೇನೆ ಎನ್ನುವವರಿಂದ ದೂರ ಇರಿ.

ನಮ್ಮ ಜಿಲ್ಲೆಗಳಲ್ಲಿ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಲಾರಿ ವ್ಯಾಪಾರವೇ ಹೆಚ್ಚಿರುವ ಕಡೆ 24 ವೋಲ್ಟಿನ ಎಚ್4 ಕೂಡ ಅದೇ ಕಪಾಟಿನಲ್ಲಿರುತ್ತದೆ. 75/70 ವ್ಯಾಟ್ ಎಂದು ಬರೆದಿರುವ ಅದು ಕಾರಿನ ಎಚ್4ನ ಜಾಗದಲ್ಲಿ ಲಕ್ಷಣವಾಗಿ ಕೂರುತ್ತದೆ, ಹಚ್ಚಿದರೆ ಮಾತ್ರ ಬೀಡಿ ಕೆಂಡದಂತೆ ಮಿನುಗುತ್ತದೆ. ‘ವ್ಯಾಟ್ ಜಾಸ್ತಿ ಇದೆ’ ಎಂದು ಸಂತೋಷಪಡುವ ಮೊದಲು 12 ವೋಲ್ಟ್ ಎಂದು ಬರೆದಿದೆಯೇ ನೋಡಿ. ಬೈಕಿನ ಎಚ್‌ಎಸ್1 ಕೂಡ ಎಚ್4ನಂತೆಯೇ ಕಾಣುತ್ತದೆ, ಅದು 35/35 ವ್ಯಾಟ್.

100/90 ವ್ಯಾಟ್ ಬೇಡ ಎನ್ನಲು ಕಾರಣ ಸರಳ. 55 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ ಎಳೆಯುವುದು 4.6 ಆಂಪಿಯರ್, 100 ವ್ಯಾಟಿನದು 8.3. ಕಂಪನಿ ವೈರಿಂಗ್, ಸ್ವಿಚ್ಚು, ಬಲ್ಬಿನ ಪಿನ್ನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪ್ಲಗ್ಗಾದ ಕಪ್ಲರ್ ಅಷ್ಟಕ್ಕೆ ಮಾಡಿದ್ದಲ್ಲ. ಮೊದಲು ಕಪ್ಲರಿನ ಪ್ಲಾಸ್ಟಿಕ್ ಕಂದಾಗುತ್ತದೆ, ಆಮೇಲೆ ಕರಗುತ್ತದೆ. ಬೆಳಕನ್ನು ಮುಂದಕ್ಕೆ ಎಸೆಯುವ ಒಳಗಿನ ರಿಫ್ಲೆಕ್ಟರಿನ ಬೆಳ್ಳಿಯಂತೆ ಹೊಳೆಯುವ ಲೇಪ ಬಿಸಿಗೆ ಸುಟ್ಟರೆ ಆ ಹೆಡ್‌ಲೈಟೇ ಹೋದಂತೆ. ನೀಲಿ ಲೇಪದ ‘ವೈಟ್’ ಬಲ್ಬುಗಳದ್ದು ಬೇರೆ ಕಥೆ: ಬೆಳಕಿನ ಹಳದಿ ಭಾಗವನ್ನು ಲೇಪ ತಡೆಯುವುದರಿಂದ ಬಣ್ಣ ಬೆಳ್ಳಗೆ ಕಾಣುತ್ತದೆ, ರಸ್ತೆಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ. ನಂದಿ ಬೆಟ್ಟದ ಬೆಳಗಿನ ಮಂಜಿಗೂ ಮಳೆಯಲ್ಲಿ ನೆನೆದ ಟಾರ್ ರೋಡಿಗೂ ಮಾಮೂಲಿ ಹಳದಿ ಛಾಯೆಯೇ ವಾಸಿ.

ಎಲ್‌ಇಡಿ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಎಚ್4 ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ಡಿಮ್ ಫಿಲಮೆಂಟಿನ ಕೆಳಗೆ ಚಮಚದಂಥ ಪುಟ್ಟ ಲೋಹದ ಬಟ್ಟಲಿದೆ. ಬೆಳಕು ಕೆಳಗಿನ ರಿಫ್ಲೆಕ್ಟರಿಗೆ ತಾಗದಂತೆ ಅದು ಮರೆ ಹಿಡಿಯುತ್ತದೆ. ತಾಗಿದ್ದರೆ ಆ ಬೆಳಕು ಪ್ರತಿಫಲಿಸಿ ಮೇಲಕ್ಕೆ, ಎದುರಿನವರ ಕಣ್ಣಿಗೆ ಹೋಗುತ್ತಿತ್ತು. ಫಿಲಮೆಂಟು ಒಂದು ಮಿಲಿಮೀಟರ್ ಹಿಂದೆ ಮುಂದೆ ಆದರೂ ಬೆಳಕಿನ ಆಕಾರ ಕೆಡುತ್ತದೆ. ಎರಡು ಪಕ್ಕಕ್ಕೆ ಚಿಪ್ ಅಂಟಿಸಿದ ಎಲ್‌ಇಡಿ ಬಲ್ಬ್ ಆ ಜಾಗ, ಆ ಆಕಾರವನ್ನು ಪೂರ್ತಿ ಅನುಕರಿಸಲಾರದು. ಅದಕ್ಕೇ ಕಾರಿನ ಮುಂದೆ ಹತ್ತು ಮೀಟರ್ ಹಾಲು ಚೆಲ್ಲಿದಂತೆ ಬೆಳಗುತ್ತದೆ, ದೂರ ಕತ್ತಲೆ, ಎದುರಿನ ಬೈಕಿನವನಿಗೆ ಕುರುಡು. ಕಾರಿನ ಮೂಲ ವಿನ್ಯಾಸ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಅಡ್ಡಿಯೂ ಇದೆ. ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈನಲ್ಲಿ ರಾಜ್ಯದಾದ್ಯಂತ ಕೇಸು ಹಾಕಿದ್ದು ನೆನಪಿರಬಹುದು. ಕಂಪನಿಯಿಂದಲೇ ಎಲ್‌ಇಡಿ ಬಂದ ಕಾರಿಗೆ ಈ ಮಾತು ಅನ್ವಯಿಸದು. ಅಲ್ಲಿ ಸಾಮಾನ್ಯವಾಗಿ ಬದಲಿಸಲು ಬಲ್ಬೇ ಇರುವುದಿಲ್ಲ.

ಫಿಲಿಪ್ಸ್, ಓಸ್ರಾಮ್‌ನಂಥ ಬ್ರ್ಯಾಂಡಿನ ಮಾಮೂಲಿ ಬಲ್ಬನ್ನು ಬಿಲ್ ಸಮೇತ ಕೊಳ್ಳಿ, ನಕಲಿ ಡಬ್ಬಿಗಳೂ ಸುತ್ತಾಡುತ್ತಿವೆ. ಬುಡದ ಮೇಲೆ ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ ಸ್ಪಷ್ಟವಾಗಿ ಅಚ್ಚಾಗಿರಬೇಕು. ಜೋಡಿಯಾಗಿಯೇ ತನ್ನಿ. ಒಂದು ಹೋದ ಮೇಲೆ ಅದೇ ವಯಸ್ಸಿನ ಇನ್ನೊಂದು ಹೆಚ್ಚು ದಿನ ಬಾಳುವುದಿಲ್ಲ. ಇನ್ನೂ ಉರಿಯುತ್ತಿರುವ ಹಳೆಯದನ್ನು ಹತ್ತಿಯಲ್ಲಿ ಸುತ್ತಿ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿಡಿ, ಪಾವಗಡದ ದಾರಿಯಲ್ಲಿ ರಾತ್ರಿ ಹತ್ತಕ್ಕೆ ಅಂಗಡಿ ಹುಡುಕುವುದು ತಪ್ಪುತ್ತದೆ.

ಬದಲಿಸುವ ಕೆಲಸ

ಎಚ್4ಗೆ ಎರಡೂ ಕಡೆ ಸೇರಿ ಅರ್ಧ ಗಂಟೆ. ಬೇಕಾಗುವುದು ಟಾರ್ಚು, ತೊಳೆದ ಹತ್ತಿ ಬಟ್ಟೆ ಅಥವಾ ಗ್ಲೌಸ್, ಮೆಡಿಕಲ್ ಶಾಪಿನ ಸ್ಪಿರಿಟ್. ಇಂಜಿನ್, ಲೈಟು ಆಫ್ ಮಾಡಿ, ಕೀ ತೆಗೆದು, ಹತ್ತು-ಹದಿನೈದು ನಿಮಿಷ ಆರಲು ಬಿಡಿ. ಒಂದು ಕಡೆ ಮುಗಿಸಿದ ಮೇಲೆಯೇ ಇನ್ನೊಂದು ಕಡೆ ಕೈ ಹಾಕಿ. ಏನು ಹೇಗಿತ್ತು ಎಂದು ಮರೆತರೆ ನೋಡಿಕೊಳ್ಳಲು ಬಿಚ್ಚದ ಕಡೆ ಇರುತ್ತದೆ.

ಬಾನೆಟ್ ಎತ್ತಿದರೆ ಹೆಡ್‌ಲೈಟಿನ ಬೆನ್ನಲ್ಲಿ ಮೂರು ವೈರಿನ ಕಪ್ಲರ್ ಕಾಣುತ್ತದೆ. ವೈರ್ ಹಿಡಿದು ಎಳೆಯಬೇಡಿ. ಕಪ್ಲರಿನ ಮೈ ಹಿಡಿದು ಮೇಲೆ ಕೆಳಗೆ ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತ ಹಿಂದಕ್ಕೆ ಎಳೆದರೆ ಬರುತ್ತದೆ. ಹಿತ್ತಾಳೆ ಬಾಯಿ ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಸುಟ್ಟಿದ್ದರೆ ಹೊಸ ಬಲ್ಬ್ ಹಾಕಿ ಉಪಯೋಗವಿಲ್ಲ. ಪಿಂಗಾಣಿ ಹೋಲ್ಡರ್ ತಂದು, ಒಂದೊಂದೇ ವೈರ್ ಕತ್ತರಿಸಿ ಬೆಸುಗೆ ಹಾಕಿಸಿ.

ಕಪ್ಲರ್ ಬಂದ ಮೇಲೆ ರಬ್ಬರ್ ಕ್ಯಾಪನ್ನು ಅದರ ಕಿವಿ ಹಿಡಿದು ಸುತ್ತಲೂ ಎಬ್ಬಿಸಿ. ಒಳಗೆ ತಂತಿಯ ಸ್ಪ್ರಿಂಗ್ ಕ್ಲಿಪ್ ಇದೆ. ಹೆಚ್ಚಿನವರು ಒದ್ದಾಡುವುದು ಇಲ್ಲೇ. ಕ್ಲಿಪ್ಪಿನ ಬಾಲವನ್ನು ಹೊರಕ್ಕೆ ಎಳೆದರೆ ಬರುವುದಿಲ್ಲ. ಮೊದಲು ಒಳಕ್ಕೆ, ಬಲ್ಬಿನ ಕಡೆಗೆ ಒತ್ತಿ, ಒತ್ತಿಕೊಂಡೇ ಪಕ್ಕಕ್ಕೆ ಸರಿಸಿ ಕೊಕ್ಕೆಯಿಂದ ಬಿಡಿಸಿ, ಆಮೇಲೆ ಬಿಡಿ. ಅದು ಬಾಗಿಲಿನಂತೆ ಹೊರಕ್ಕೆ ತೆರೆದುಕೊಳ್ಳುತ್ತದೆ. ಕ್ಲಿಪ್ಪನ್ನು ಹಿಡಿದ ಸಣ್ಣ ಸ್ಕ್ರೂ ಇದ್ದರೆ ಮುಟ್ಟಬೇಡಿ, ಕೈ ಜಾರಿದರೆ ಅದು ಸೀದಾ ರಿಫ್ಲೆಕ್ಟರಿನ ಹೊಟ್ಟೆಗೆ ಬೀಳುತ್ತದೆ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನ ಕ್ಯಾಮೆರಾ ಹಿಂದೆ ಹಿಡಿದು ನೋಡಿಕೊಳ್ಳಿ. ಬ್ಯಾಟರಿ ಅಥವಾ ಏರ್ ಫಿಲ್ಟರ್ ಡಬ್ಬ ಅಡ್ಡ ಇದ್ದರೆ ಮೊದಲು ಅದನ್ನೇ ಸರಿಸುವುದು ಜಾಣತನ, ಕೈ ತುರುಕಿ ಚರ್ಮ ಕಿತ್ತುಕೊಳ್ಳುವುದಲ್ಲ. ಬ್ಯಾಟರಿ ತೆಗೆಯುವಾಗ ನೆಗೆಟಿವ್ ಮೊದಲು ಬಿಚ್ಚಿ, ಹಾಕುವಾಗ ಕೊನೆಗೆ. ಬಂಪರ್ ಬಿಚ್ಚದೆ ಕೈ ಹೋಗದ ಕಾರುಗಳೂ ಇವೆ. ಅವನ್ನು ಮೆಕ್ಯಾನಿಕ್‌ಗೆ ಬಿಡಿ.

ಹೊಸ ಬಲ್ಬನ್ನು ಬುಡದ ಲೋಹ ಹಿಡಿದೇ ಎತ್ತಿ, ಗಾಜು ಮುಟ್ಟಬೇಡಿ. ಉರಿಯುವಾಗ ಆ ಗಾಜು ನೂರಾರು ಡಿಗ್ರಿ ಕಾಯುತ್ತದೆ. ಬೆರಳಿನ ಎಣ್ಣೆ ಅಲ್ಲೇ ಸುಟ್ಟು ಅಂಟಿಕೊಂಡು, ಆ ಜಾಗ ಇನ್ನೂ ಹೆಚ್ಚು ಕಾದು ಗಾಜು ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ. ಮುಟ್ಟಿಬಿಟ್ಟರೆ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಹ್ಯಾಂಡ್ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ತಾನೇ ಜಿಡ್ಡು ಉಳಿಸುತ್ತದೆ.

ಎಚ್4ನ ಬುಡದ ತಟ್ಟೆಗೆ ಮೂರು ಕಿವಿಗಳಿವೆ. ಅಗಲವಾದದ್ದು ಮೇಲೆ, ಸಣ್ಣವೆರಡು ಕೆಳಗೆ. ಮೂರೂ ತಮ್ಮ ತಮ್ಮ ಕಚ್ಚಿನಲ್ಲಿ ಕೂತಾಗ ಬಲ್ಬ್ ತಟ್ಟನೆ ನೆಟ್ಟಗಾಗುತ್ತದೆ. ಬೆರಳಲ್ಲಿ ತಿರುಗಿಸಿದರೆ ಅಲ್ಲಾಡಬಾರದು. ಒಂದು ಕಿವಿ ಹೊರಗುಳಿದಿದ್ದರೂ ಕ್ಲಿಪ್ ಬಲವಂತವಾಗಿ ಬೀಳುತ್ತದೆ, ಲೈಟೂ ಹತ್ತುತ್ತದೆ, ಆದರೆ ಒಂದು ದೀಪ ಆಕಾಶ ನೋಡುತ್ತಿರುತ್ತದೆ. ‘ಹೊಸ ಬಲ್ಬ್ ಹಾಕಿದ ಮೇಲೆ ಫೋಕಸ್ ಹೋಯ್ತು’ ಎಂಬ ದೂರಿನ ಮೂಲ ಬಹುತೇಕ ಇದೇ.

ಕ್ಲಿಪ್ ಹಾಕಿ, ರಬ್ಬರ್ ಕ್ಯಾಪನ್ನು ಮೇಲ್ಮುಖದ ಗುರುತು ಮೇಲಕ್ಕೇ ಬರುವಂತೆ ಕೂರಿಸಿ. ಅಂಚನ್ನು ಸುತ್ತಲೂ ಬೆರಳಲ್ಲಿ ಒತ್ತುತ್ತ ಬನ್ನಿ, ಮೂರು ಪಿನ್ನೂ ಪೂರ್ತಿ ಹೊರಗೆ ಕಾಣಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಮಳೆಗಾಲದಲ್ಲಿ ನೀರು, ಸುಗ್ಗಿಯಲ್ಲಿ ರೋಡಿನ ರಾಗಿ ಹೊಟ್ಟು, ವರ್ಷವಿಡೀ ಕೆಂಪು ಧೂಳು ಒಳಗೆ ಸೇರುತ್ತದೆ. ರಿಫ್ಲೆಕ್ಟರ್ ಮೇಲೆ ಕೂತ ಧೂಳನ್ನು ಬಟ್ಟೆಯಲ್ಲಿ ಒರೆಸಿದರೆ ಹೊಳೆಯುವ ಲೇಪವೇ ಎದ್ದು ಬರುತ್ತದೆ. ಆಮೇಲೆ ಕಪ್ಲರ್ ಒತ್ತಿ, ಡಿಮ್, ಬ್ರೈಟ್ ಎರಡನ್ನೂ ಹಚ್ಚಿ ನೋಡಿ. ಎಚ್11, ಎಚ್‌ಬಿ3 ಇಷ್ಟು ಕಾಡುವುದಿಲ್ಲ: ಎಡಕ್ಕೆ ಕಾಲು ಸುತ್ತು ತಿರುಗಿಸಿ ಎಳೆಯಿರಿ, ಹೊಸದರ ರಬ್ಬರ್ ರಿಂಗ್ ಮಡಿಚಿಲ್ಲದ್ದು ನೋಡಿ ಬಲಕ್ಕೆ ತಿರುಗಿಸಿ.

ಹೊಸ ಬಲ್ಬ್ ಹಾಕಿಯೂ ಮಂಕು

ಮೊದಲು ಹೊರಗಿನ ಲೆನ್ಸ್. ಹಳದಿಗಟ್ಟಿದ್ದರೆ 1000, 2000, 3000 ನಂಬರಿನ ನೀರುಪೇಪರ್‌ನಲ್ಲಿ (ನೀರಿನಲ್ಲಿ ಬಳಸುವ ನುಣುಪು ಉಪ್ಪುಕಾಗದ) ಅನುಕ್ರಮವಾಗಿ ನೀರು ಹಾಕುತ್ತ ಉಜ್ಜಿ ಪಾಲಿಶ್ ಮಾಡಿ, ಮೇಲೆ ಬಿಸಿಲಿನ ಯುವಿ ಕಿರಣ ತಡೆಯುವ ಲೇಪ ಕೊಡಿ. ಟೂತ್‌ಪೇಸ್ಟ್ ಹೊಳಪು ಹೆಚ್ಚು ದಿನ ನಿಲ್ಲದು.

ಲೆನ್ಸ್ ಚೆನ್ನಾಗಿದ್ದರೆ ವೈರಿಂಗ್. ಇಂಜಿನ್ ಓಡುತ್ತಿದ್ದು ಲೈಟು ಹಚ್ಚಿದಾಗ ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದು ಬಲ್ಬಿನ ಪಿನ್ನುಗಳ ಮಧ್ಯೆ 12 ಮಾತ್ರ ಸಿಕ್ಕರೆ ಬೆಳಕಿನ ಸುಮಾರು ಮೂರನೇ ಒಂದು ಭಾಗ ದಾರಿಯಲ್ಲೇ ಕಳೆದಿದೆ. ಅರ್ಥ್, ಕಪ್ಲರ್ ಸ್ವಚ್ಛ ಮಾಡಿದರೂ ಏರದಿದ್ದರೆ ರಿಲೇ ಹಾಕಿಸುವುದು ಸರಿಯಾದ ದಾರಿ: ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇಯ 30ನೇ ಪಿನ್ನಿಗೆ 2.5 ಚದರ ಮಿಲಿಮೀಟರ್ ವೈರು, 87ರಿಂದ ಬಲ್ಬಿಗೆ, 85 ಮತ್ತು 86ಕ್ಕೆ ಹಳೆ ಕಪ್ಲರಿನ ಕರೆಂಟು. ಕೆಲವು ಜಪಾನಿ ವಿನ್ಯಾಸದ ಕಾರುಗಳಲ್ಲಿ ಸ್ವಿಚ್ಚು ಪಾಸಿಟಿವ್ ಬದಲು ಅರ್ಥನ್ನು ಕಡಿಯುತ್ತದೆ, ಅದನ್ನು ಮೀಟರಿನಲ್ಲಿ ಖಚಿತ ಮಾಡಿಕೊಂಡೇ ಮುಂದುವರಿಯಿರಿ.

ಫೋಕಸ್

ಸಮತಟ್ಟಾದ ಜಾಗ, ಎದುರಿಗೆ ಬಯಲು ಗೋಡೆ ಬೇಕು. ಊರಿನ ಹಾಲಿನ ಡೇರಿ ಗೋಡೆ ಚೆನ್ನಾಗಿರುತ್ತದೆ, ಹಾಲು ಹಾಕುವ ಹೊತ್ತು ಮುಗಿದ ಮೇಲೆ. ಟೈರಿಗೆ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು, ಹೆಡ್‌ಲೈಟಿನ ಬೆಳಕು ಕೆಳಗಿಳಿಸುವ ಡ್ಯಾಶ್‌ಬೋರ್ಡಿನ ಲೆವೆಲಿಂಗ್ ಚಕ್ರ ಸೊನ್ನೆಯಲ್ಲಿ. ಹೆಡ್‌ಲೈಟ್ ಗೋಡೆಯಿಂದ 10 ಮೀಟರ್ ದೂರ ಇರಲಿ. ಬಲ್ಬಿನ ನಡುವಿನ ಎತ್ತರವನ್ನು ನೆಲದಿಂದ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಇನ್ನೊಂದು. ಡಿಮ್ ಹಚ್ಚಿದಾಗ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಗೆ ತಾಗಿ ನಿಲ್ಲಬೇಕು, ಎಡಕ್ಕೆ ಹೋಗುತ್ತ ಸ್ವಲ್ಪ ಮೇಲೇರಬೇಕು. ಎಡಬದಿ ನಡೆಯುವವರು ಕಾಣಲೆಂದೇ ಆ ಏರು. ಬಲ್ಬ್ 70 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಈ ಲೆಕ್ಕಕ್ಕೆ ಡಿಮ್ ಬೆಳಕಿನ ಅಂಚು 70 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಜಾಗ ಇಲ್ಲದಿದ್ದರೆ 5 ಮೀಟರಿಗೆ 5 ಸೆಂಟಿಮೀಟರ್.

ಹೆಡ್‌ಲೈಟಿನ ಬೆನ್ನಲ್ಲಿರುವ ಸ್ಕ್ರೂ ಅಥವಾ ಬಿಳಿ ಪ್ಲಾಸ್ಟಿಕ್ ಹಲ್ಲುಚಕ್ರವನ್ನು ಕಾಲು ಸುತ್ತಿನಂತೆ ತಿರುಗಿಸಿ. ಒಂದನ್ನು ಹೊಂದಿಸುವಾಗ ಇನ್ನೊಂದರ ಮುಂದೆ ರಟ್ಟು ನಿಲ್ಲಿಸಿ. ಬಟ್ಟೆ ಹೊದಿಸಿ ಮರೆತರೆ ಪ್ಲಾಸ್ಟಿಕ್ ಲೆನ್ಸ್ ಕಾಯುತ್ತದೆ. ಕೋಲಾರ ಮಾರ್ಕೆಟ್ಟಿಗೆ ಹಿಂದಿನ ಸೀಟು ಮಡಿಚಿ 15 ಕೆಜಿಯ ನಾಲ್ಕಾರು ಟೊಮೆಟೊ ಬಾಕ್ಸ್ ಹೇರುವ ದಿನ ಕಾರಿನ ಮೂತಿ ಮೇಲೇಳುತ್ತದೆ. ಆಗ ಸ್ಕ್ರೂ ಮುಟ್ಟಬೇಡಿ, ಲೆವೆಲಿಂಗ್ ಚಕ್ರವನ್ನು ಎರಡಕ್ಕೋ ಮೂರಕ್ಕೋ ತಿರುಗಿಸಿ, ಬಾಕ್ಸ್ ಇಳಿಸಿದ ಮೇಲೆ ಮತ್ತೆ ಸೊನ್ನೆಗೆ ತನ್ನಿ.