ಕುದಿ ಬಂದ ಮೇಲೆ ಉರಿಗೇನು ಕೆಲಸ?

ನೀರು ಒಮ್ಮೆ ಕುದಿಯಲು ಶುರುವಾದರೆ ಅದರ ಬಿಸಿ ಅಲ್ಲಿಗೆ ನಿಲ್ಲುತ್ತದೆ. ಉರಿ ಎಷ್ಟು ಜೋರು ಮಾಡಿದರೂ ಸಾಮಾನ್ಯ ಪಾತ್ರೆಯಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್ ದಾಟದು. ಕೊತಕೊತ ಕುದಿಯುವ ನೀರಿನಲ್ಲೂ ಸಣ್ಣಗೆ ಮರಳುವ ನೀರಿನಲ್ಲೂ ಕಾಳು ಬೇಯುವ ವೇಗ ಹೆಚ್ಚುಕಮ್ಮಿ ಒಂದೇ. ಉಳಿದ ಉರಿಯೆಲ್ಲ ಹಬೆಯಾಗಿ ಹೋಗುತ್ತದೆ, ಅದೂ ಸಣ್ಣ ನಷ್ಟವಲ್ಲ. 25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಬಿಂದುವಿಗೆ ತರಲು ಸುಮಾರು 314 ಕಿಲೋಜೂಲ್ ಶಾಖ ಸಾಕು. ಅದೇ ನೀರನ್ನು ಪೂರ್ತಿ ಆವಿ ಮಾಡಲು 2,257 ಕಿಲೋಜೂಲ್ ಬೇಕು, ಅಂದರೆ ಏಳು ಪಟ್ಟು. ಮುಚ್ಚಳವಿಲ್ಲದೆ ಕುದಿಸುವಾಗ ಒಂದು ಲೋಟ ನೀರು (200 ಮಿಲಿ) ಆವಿಯಾದರೆ, ಇನ್ನೂ 1.4 ಲೀಟರ್ ತಣ್ಣೀರನ್ನು ಕುದಿಸಬಹುದಾಗಿದ್ದ ಶಾಖ ಗಾಳಿಗೆ ಹೋಯಿತು ಎಂದು ಲೆಕ್ಕ.

ಆದ್ದರಿಂದ ಅಡುಗೆಯ ಇಂಧನ ಉಳಿಸುವ ದಾರಿ ಸರಳ: ಕುದಿ ಬರಿಸುವುದಷ್ಟೇ ಒಲೆಯ ಕೆಲಸ, ಆ ಬಿಸಿಯನ್ನು ಹಿಡಿದಿಡುವುದು ಹೊದಿಕೆಯ ಕೆಲಸ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಬಿಸಿ ಪಾತ್ರೆ ಹುದುಗಿಸಿ ಅಡುಗೆ ಮುಗಿಸುವ ಪದ್ಧತಿ ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಧನದ ಕೊರತೆಯಿದ್ದ ಬ್ರಿಟನ್ನಿನ ಮನೆಗಳಲ್ಲಿ ಇದು ಬಳಕೆಯಲ್ಲಿತ್ತು. ಮನೆಯಲ್ಲಿ ಬಿದ್ದಿರುವ ಸಾಮಾನಿನಿಂದಲೇ ಇಂಥ ಬಿಸಿಪೆಟ್ಟಿಗೆ ಮಾಡಿಕೊಳ್ಳಬಹುದು.

ಪೆಟ್ಟಿಗೆ ಕಟ್ಟುವುದು

ಮೊದಲು ಪಾತ್ರೆ ಆರಿಸಿ, ಪೆಟ್ಟಿಗೆ ಆಮೇಲೆ. ಎರಡು ಗಿಡ್ಡ ಕಿವಿಗಳಿರುವ, ಮುಚ್ಚಳ ಬಿಗಿಯಾಗಿ ಕೂರುವ 4–5 ಲೀಟರಿನ ಪಾತ್ರೆ ಒಳ್ಳೆಯದು. ಉದ್ದ ಹಿಡಿಯ ಪಾತ್ರೆ ಬೇಡ. ಹಿಡಿ ಹೊದಿಕೆಯನ್ನು ಸೀಳಿಕೊಂಡು ಹೊರಬರುತ್ತದೆ, ಬಿಸಿಯೂ ಅದೇ ಸಂದಿನಲ್ಲಿ ಸೋರುತ್ತದೆ.

ಪಾತ್ರೆಯ ಅಗಲ ಮತ್ತು ಎತ್ತರ ಅಳೆದು ಎರಡಕ್ಕೂ 16–18 ಸೆಂಟಿಮೀಟರ್ ಕೂಡಿಸಿ. ಅದೇ ಪೆಟ್ಟಿಗೆಯ ಒಳ ಅಳತೆ. 24 ಸೆಂ.ಮೀ. ಅಗಲದ ಪಾತ್ರೆಗೆ ಒಳಗಡೆ 40 ಸೆಂ.ಮೀ. ಅಗಲವಿರುವ ರಟ್ಟಿನ ಡಬ್ಬ, ಹಳೆಯ ಟ್ರಂಕು ಅಥವಾ ಮರದ ಪೆಟ್ಟಿಗೆ ಆಗುತ್ತದೆ. ರಟ್ಟಿನದಾದರೆ ಎಲ್ಲ ಸಂದುಗಳಿಗೂ ಅಗಲ ಟೇಪು ಅಂಟಿಸಿ. ಗಾಳಿ ಆಡಿದರೆ ಹೊದಿಕೆ ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ.

ತಳಕ್ಕೆ 8 ಸೆಂ.ಮೀ. ದಪ್ಪದ ಪದರ ಹಾಕಿ. ತುಂಬಿದ ಪಾತ್ರೆ ಐದಾರು ಕಿಲೋ ತೂಗುತ್ತದೆ. ಬರೀ ಹತ್ತಿ ಹಾಕಿದರೆ ಒಂದೇ ವಾರದಲ್ಲಿ ಅಪ್ಪಚ್ಚಿಯಾಗಿ ಪಾತ್ರೆ ನೆಲಕ್ಕೆ ತಾಗುತ್ತದೆ. ಮಡಚಿದ ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ಹಳೆಯ ಕಂಬಳಿಯ ಎರಡು ಮಡಿಕೆ ಇಟ್ಟರೆ ಭಾರ ತಾಳುತ್ತದೆ.

ಈಗ ಖಾಲಿ ಪಾತ್ರೆಯನ್ನು ನಡುವೆ ಇಟ್ಟು ಸುತ್ತಲೂ ತುಂಬಿ. ಒಣಹುಲ್ಲು, ಚೂರು ಮಾಡಿದ ಕಾಗದ, ಉಣ್ಣೆ ಬಟ್ಟೆ, ದಿಂಬಿನ ಹತ್ತಿ ಯಾವುದಾದರೂ ಸರಿ. ಶಾಖ ತಡೆಯುವುದು ವಸ್ತುವಲ್ಲ, ಅದರೊಳಗೆ ಸಿಕ್ಕಿಕೊಂಡ ಅಲುಗಾಡದ ಗಾಳಿ. ಹಾಗಾಗಿ ತುಂಬುವುದಕ್ಕೂ ಒಂದು ಹದವಿದೆ. ಗಿಡಿದು ತುಂಬಿದರೆ ಗಾಳಿಗೆ ಜಾಗವಿರದು, ತೀರಾ ಸಡಿಲ ಬಿಟ್ಟರೆ ಒಳಗೇ ಗಾಳಿ ಸುತ್ತಾಡಿ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಕೈಯಿಂದ ಒತ್ತಿದರೆ ತಗ್ಗಿ, ಬಿಟ್ಟರೆ ಎದ್ದು ಬರುವಂತಿರಲಿ. ಥರ್ಮೋಕೋಲ್ ಬಳಸುವವರು ಪಾತ್ರೆಗೂ ಅದಕ್ಕೂ ನಡುವೆ ದಪ್ಪ ಬಟ್ಟೆ ಇಡಲೇಬೇಕು, ಏಕೆಂದರೆ ಕುದಿಯುವ ಪಾತ್ರೆಯ ಬಿಸಿಗೆ ಅದು ಮೆತ್ತಗಾಗಿ ಕುಗ್ಗುತ್ತದೆ.

ಪಾತ್ರೆ ತೆಗೆದು, ಉಳಿದ ಗುಳಿಗೆ ಒಗೆಯಬಹುದಾದ ದಪ್ಪ ಬಟ್ಟೆಯ ಚೀಲ ಹೊಲಿದು ಕೂರಿಸಿ. ಮೇಲ್ಮುಚ್ಚಳಕ್ಕೆ ಒಂದು ದಿಂಬು ಬೇಕು. ಅದು 10 ಸೆಂ.ಮೀ. ದಪ್ಪವಿರಲಿ, ಪಾತ್ರೆಯ ಅಂಚನ್ನು ದಾಟಿ ಎಲ್ಲ ಕಡೆ 5 ಸೆಂ.ಮೀ. ಆದರೂ ಹರಡಲಿ. ಹೆಚ್ಚಿನ ಪೆಟ್ಟಿಗೆಗಳು ಸೋಲುವುದು ಈ ಮೇಲ್ಭಾಗದಲ್ಲೇ. ಜನ ಬದಿಗಳಿಗೆ ಶ್ರಮಪಟ್ಟು ಮೇಲೆ ಒಂದು ಟವೆಲ್ ಹೊದಿಸಿ ಸುಮ್ಮನಾಗುತ್ತಾರೆ.

ಅಡುಗೆಗೆ ಮುನ್ನ ಪರೀಕ್ಷೆ ಮಾಡಿ. ಪಾತ್ರೆ ತುಂಬ ಕುದಿಯುವ ನೀರಿಟ್ಟು ಮುಚ್ಚಿ, 4 ಗಂಟೆ ಬಿಟ್ಟು ಅಡುಗೆ ಥರ್ಮಾಮೀಟರಿನಿಂದ ನೋಡಿ. 70 ಡಿಗ್ರಿಗಿಂತ ಕೆಳಗಿದ್ದರೆ ಹೊದಿಕೆ ಸಾಲದು, ದಿಂಬು ಮತ್ತು ಸಂದುಗಳನ್ನು ಮೊದಲು ನೋಡಿ.

ನೆನೆಹಾಕುವುದರಲ್ಲೇ ಅರ್ಧ ಅಡುಗೆ

ನೆನೆದ ಕಾಳು ತನ್ನ ತೂಕದಷ್ಟೇ ನೀರು ಕುಡಿದಿರುತ್ತದೆ. ಆ ನೀರನ್ನು ಒಲೆಯ ಮೇಲೆ ಕುಡಿಸುವ ಬದಲು ರಾತ್ರಿಯಿಡೀ ಪುಕ್ಕಟೆ ಕುಡಿಸಬಹುದು. ಕಾಲು ಕಿಲೋ ಕಾಳಿಗೆ ಒಂದು ಲೀಟರ್ ನೀರು, ಅದಕ್ಕೆ 15 ಗ್ರಾಂ (ಒಂದು ದೊಡ್ಡ ಚಮಚ) ಉಪ್ಪು, 8ರಿಂದ 12 ಗಂಟೆ. ಉಪ್ಪು ಹಾಕಿದರೆ ಕಾಳು ಗಟ್ಟಿಯಾಗುತ್ತದೆ ಎಂಬ ನಂಬಿಕೆ ತಲೆಕೆಳಗು. ಕಾಳಿನ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಪೆಕ್ಟಿನ್ (ಸಸ್ಯಕೋಶಗಳನ್ನು ಬೆಸೆಯುವ ಅಂಟು) ಜೊತೆ ಸೇರಿಕೊಂಡ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಅವುಗಳಲ್ಲಿ ಒಂದಷ್ಟನ್ನು ಹೊರದಬ್ಬಿ ಆ ಜಾಗ ಹಿಡಿಯುವುದರಿಂದ ಸಿಪ್ಪೆ ಮೆದುವಾಗುತ್ತದೆ. ಬೇಯಿಸುವ ಮುಂಚೆ ಈ ನೀರು ಚೆಲ್ಲಿ ಕಾಳು ತೊಳೆಯಿರಿ. ಸೆಖೆಯ ದಿನಗಳಲ್ಲಿ ನೆನೆಹಾಕಿದ್ದು ಹುಳಿವಾಸನೆ ಬರುತ್ತದೆ, ಆಗ ಫ್ರಿಜ್ಜಿನಲ್ಲಿಡುವುದೇ ಲೇಸು. ಹಿಂದಿನ ರಾತ್ರಿ ಮರೆತಿದ್ದರೆ ಎರಡು ನಿಮಿಷ ಕುದಿಸಿ, ಮುಚ್ಚಿ ಒಂದು ಗಂಟೆ ಬಿಡಿ. ಅದೂ ನಡೆಯುತ್ತದೆ.

ಎಷ್ಟು ಬೇಯಿಸಿದರೂ ಮೆತ್ತಗಾಗದ ಕಾಳಿಗೆ ಸಾಮಾನ್ಯವಾಗಿ ಮೂರು ಕಾರಣ. ಒಂದು, ಬಿಸಿಲು ಮತ್ತು ತೇವದಲ್ಲಿ ಬಹುಕಾಲ ಇಟ್ಟ ಹಳೆಯ ದಾಸ್ತಾನು. ಎರಡು, ಸುಣ್ಣದಂಶ ಹೆಚ್ಚಿರುವ ಗಡಸು ನೀರು. ಮೂರು, ಟೊಮೆಟೊ ಅಥವಾ ನಿಂಬೆರಸವನ್ನು ಮೊದಲೇ ಸೇರಿಸಿದ್ದು. ಹುಳಿ ಏನಿದ್ದರೂ ಕಾಳು ಬೆಂದ ಮೇಲೆಯೇ ಹಾಕಬೇಕು. ಮೊದಲೆರಡಕ್ಕೆ ಅಡುಗೆ ಸೋಡಾ ಮದ್ದು: ಲೀಟರಿಗೆ ಕಾಲು ಟೀ ಚಮಚ, ಅದಕ್ಕಿಂತ ಹೆಚ್ಚಲ್ಲ. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ.

ಕುದಿಸಿ, ಹುದುಗಿಸಿ

ಅಕ್ಕಿಯನ್ನು 5 ನಿಮಿಷ ಕುದಿಸಿ ಪೆಟ್ಟಿಗೆಯಲ್ಲಿ 45 ನಿಮಿಷ ಇಡಿ. ಬೇಳೆಗೆ 5 ನಿಮಿಷದ ಕುದಿ, ಒಂದೂವರೆ ಗಂಟೆ ಪೆಟ್ಟಿಗೆ. ದೊಡ್ಡ ಆಲೂಗಡ್ಡೆಗೂ ಅಷ್ಟೇ. ನೆನೆಸಿದ ಕಡಲೆಯಂಥ ಕಾಳಿಗೆ 15 ನಿಮಿಷದ ಕುದಿ, ಆಮೇಲೆ 3–4 ಗಂಟೆ. ಹಬೆ ಹೋಗುವುದಿಲ್ಲವಾದ್ದರಿಂದ ನೀರನ್ನು ಕಾಲು ಭಾಗ ಕಡಿಮೆ ಹಾಕಬೇಕು. ಮೊದಮೊದಲು ಎಲ್ಲರ ಅನ್ನವೂ ಮುದ್ದೆಯಾಗುವುದು ಇದನ್ನು ಮರೆತಾಗಲೇ.

ಪಾತ್ರೆ ಕನಿಷ್ಠ ಮುಕ್ಕಾಲು ತುಂಬಿರಲಿ. ಸ್ವಲ್ಪವೇ ಅಡುಗೆ ಬೇಗ ಆರುತ್ತದೆ. ಪಿಷ್ಟವು 60–80 ಡಿಗ್ರಿಯಲ್ಲೇ ಅರಳುತ್ತದೆ, ಆದರೆ ಕಾಳಿನ ಪೆಕ್ಟಿನ್ ಸಡಿಲವಾಗಲು 85 ಡಿಗ್ರಿಯ ಆಸುಪಾಸು ಬೇಕು. ಆದ್ದರಿಂದ ಅನ್ನ ಸಲೀಸಾಗಿ ಆಗುವ ಪೆಟ್ಟಿಗೆಯಲ್ಲೂ ಕಾಳು ಅರೆಬೆಂದಿರಬಹುದು. ಆಗ ಎರಡು ಗಂಟೆಯ ನಂತರ ಹೊರತೆಗೆದು ಒಮ್ಮೆ ಕುದಿಸಿ ಮತ್ತೆ ಹುದುಗಿಸಿ. ನಡುನಡುವೆ ಮುಚ್ಚಳ ತೆಗೆದು ಇಣುಕುವುದು ಮಾತ್ರ ಬೇಡ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಂತೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 2,000 ಮೀಟರಿಗಿಂತ ಎತ್ತರದ ಊರುಗಳಲ್ಲಿ ಕಾಳಿಗೆ ಕುಕ್ಕರೇ ಸರಿ.

ರಾಜ್ಮಾ ವಿಷಯದಲ್ಲಿ ರಿಯಾಯಿತಿ ಇಲ್ಲ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದೆ, ಅರೆಬೆಂದ ನಾಲ್ಕೈದು ಕಾಳೇ ವಾಂತಿ ತರಿಸಬಲ್ಲವು. 80 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ನಿಧಾನವಾಗಿ ಬೇಯಿಸಿದರೆ ಅದು ನಾಶವಾಗುವ ಬದಲು ಇನ್ನಷ್ಟು ತೀವ್ರವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಜೋರಾಗಿ ಕುದಿಸಿದ ಮೇಲಷ್ಟೇ ಪೆಟ್ಟಿಗೆಗೆ ಇಡಿ. ಉರಿ ಉಳಿಸಬಾರದ ಜಾಗ ಇದೊಂದೇ.

ಇನ್ನೊಂದು ಎಚ್ಚರ ಎಲ್ಲ ಅಡುಗೆಗೂ ಸೇರಿದ್ದು. 60 ಡಿಗ್ರಿಗಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾ ಬೆಳೆಯಲು ಶುರುವಾಗುತ್ತವೆ. ಅನ್ನದಲ್ಲಿ ಉಳಿಯುವ ಬ್ಯಾಕ್ಟೀರಿಯಾದ ಬೀಜಕಗಳು (ಗಟ್ಟಿ ಕವಚದ ಸುಪ್ತ ರೂಪ) ಕುದಿಸಿದರೂ ಸಾಯುವುದಿಲ್ಲ. ಬೆಳಗ್ಗೆ ಇಟ್ಟದ್ದನ್ನು ರಾತ್ರಿವರೆಗೆ ಪೆಟ್ಟಿಗೆಯಲ್ಲೇ ಬಿಡಬೇಡಿ. ಉಳಿದದ್ದನ್ನು ಅಗಲ ತಟ್ಟೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಬೆಂದ ಕಾಳು ಅಲ್ಲಿ 3–4 ದಿನ ಇರುತ್ತದೆ.

ಕುಕ್ಕರ್ ಇದ್ದರೆ

ಕುಕ್ಕರಿನ ಒಳಗೆ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ, ಅದಕ್ಕೇ ಬೇಗ ಬೇಯುವುದು. ಆದರೆ ಪ್ರತಿ ಸೀಟಿಯೂ ಹೊರಗೆ ಹೋದ ಹಬೆ. ಮೊದಲ ಸೀಟಿ ಬಂದೊಡನೆ ಉರಿಯನ್ನು ಪೂರ್ತಿ ತಗ್ಗಿಸಿ, ಸೀಟಿ ಎಣಿಸುವ ಬದಲು ನಿಮಿಷ ಎಣಿಸಿ. ನೆನೆಸಿದ ಕಾಳಿಗೆ 8–10 ನಿಮಿಷ ಸಾಕು. ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲಿ, ಆ ಹೊತ್ತಿನಲ್ಲೂ ಅಡುಗೆ ನಡೆದೇ ಇರುತ್ತದೆ. ಕಾಳು ಬೇಳೆ ನೊರೆ ಬರುವ ಪದಾರ್ಥಗಳಾದ್ದರಿಂದ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ನೊರೆ ಹಬೆನಳಿಕೆಯನ್ನು ಕಟ್ಟಿಬಿಡುತ್ತದೆ. ಪ್ರತಿ ಸಲ ನಳಿಕೆಯನ್ನು ಬೆಳಕಿಗೆ ಹಿಡಿದು ಆಚೆ ಬದಿ ಕಾಣುತ್ತದೆಯೇ ನೋಡಿ.

ಒತ್ತಡ ಏರಲು ತಡವಾಗುತ್ತಿದ್ದರೆ, ಮುಚ್ಚಳದ ಅಂಚಿನಲ್ಲಿ ಹನಿ ಜಿನುಗುತ್ತಿದ್ದರೆ ತಪ್ಪು ಒಲೆಯದಲ್ಲ, ಗ್ಯಾಸ್ಕೆಟ್ಟಿನದು. ಅದನ್ನು ತೆಗೆದು ಬೆರಳಿಂದ ಬಾಗಿಸಿ ನೋಡಿ: ಸಣ್ಣ ಬಿರುಕು ಕಂಡರೆ, ಅಥವಾ ಹಿಗ್ಗಿಸಿದ ಮೇಲೆ ಮೊದಲಿನ ಆಕಾರಕ್ಕೆ ಬಾರದಿದ್ದರೆ ಬದಲಿಸಬೇಕು. ಮುಚ್ಚಳ ಬಿಗಿಮಾಡಿಯೇ ಕುಕ್ಕರನ್ನು ಎತ್ತಿಟ್ಟರೆ ರಬ್ಬರು ಒತ್ತಿಕೊಂಡು ಬೇಗ ಚಪ್ಪಟೆಯಾಗುತ್ತದೆ. ತೊಳೆದು, ಒರೆಸಿ, ಬಿಡಿಯಾಗಿ ತೂಗುಹಾಕಿ. ಬಿಸಿಪೆಟ್ಟಿಗೆಯ ಬಟ್ಟೆಚೀಲ ಮತ್ತು ದಿಂಬನ್ನೂ ಪ್ರತಿ ಬಳಕೆಯ ನಂತರ ಗಾಳಿಗೆ ಒಡ್ಡಿ. ಒದ್ದೆಯಾದ ಹತ್ತಿ ಬಿಸಿಯನ್ನು ತಡೆಯುವುದಿಲ್ಲ, ಬೂಷ್ಟೂ ಹಿಡಿಯುತ್ತದೆ.