ಚರ್ಮರೋಗದ ಹೊಸ ಔಷಧ ಪ್ರಯೋಗ: ಸಹಿ ಹಾಕುವ ಮುನ್ನ ಕೇಳಬೇಕಾದದ್ದು

ಅಂಗಾಲಿನ ಕಪ್ಪು ಮಚ್ಚೆ ಬಯಾಪ್ಸಿಯಲ್ಲಿ (ಚರ್ಮದ ಚೂರು ತೆಗೆದು ಮಾಡುವ ಪರೀಕ್ಷೆ) ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಎಂದು ಖಚಿತವಾದವರಿಗೋ, ತುಸು ಉಜ್ಜಿದರೂ ನೀರುಗುಳ್ಳೆಯೇಳುವ ಚರ್ಮದೊಂದಿಗೆ ಹುಟ್ಟಿದ ಮಗುವಿನ ತಾಯಿಗೋ ವೈದ್ಯರು ಒಂದು ದಿನ ‘ಹೊಸ ಔಷಧದ ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ, ಸೇರುತ್ತೀರಾ?’ ಎಂದು ಕೇಳಬಹುದು. ಹೆದರಿ ಎದ್ದು ಬರಬೇಕಿಲ್ಲ. ಆಸೆಯ ಭರದಲ್ಲಿ ಅಲ್ಲಿಯೇ ಸಹಿ ಹಾಕಲೂ ಬೇಕಿಲ್ಲ. ಮಾಹಿತಿ ಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆದು, ಮನೆಗೆ ಒಯ್ದು, ಮನೆಯವರೊಂದಿಗೆ ಕೂತು ಓದಿ.

ಮೊದಲು ನೋಂದಣಿ ಸಂಖ್ಯೆ ಕೇಳಿ. ನಮ್ಮ ದೇಶದಲ್ಲಿ 2009ರ ಜೂನ್ 15ರಿಂದ ಇಂಥ ಪ್ರಯೋಗಗಳು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನೋಂದಣಿಯಾಗುವುದು ಕಡ್ಡಾಯ. ಅದರ ಜಾಲತಾಣದಲ್ಲಿ ಹುಡುಕಿದರೆ ಪ್ರಯೋಗಕ್ಕೆ ಹಣ ಹಾಕಿದವರು ಯಾರು, ಎಷ್ಟು ರೋಗಿಗಳು, ಎಂಥವರನ್ನು ಸೇರಿಸಿಕೊಳ್ಳುವುದಿಲ್ಲ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಿದೆಯೇ ಎಂಬುದೆಲ್ಲ ಕಾಣುತ್ತದೆ. ಸಂಖ್ಯೆ ಕೊಡಲು ಹಿಂದೇಟು ಹಾಕುವ ಕಡೆ ಮಾತು ಮುಂದುವರಿಸದಿರುವುದೇ ಲೇಸು.

ಮುಂದಿನ ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಹೊಸ ಔಷಧವನ್ನು ಯಾವುದರ ಜೊತೆ ಹೋಲಿಸುತ್ತಿದ್ದಾರೆ? ಹಲವು ಚರ್ಮದ ಕಾಯಿಲೆಗಳು ತಾವಾಗಿಯೇ ಏರುತ್ತವೆ, ಇಳಿಯುತ್ತವೆ. ಡಿಸ್ಟ್ರೋಫಿಕ್ ಎಪಿಡರ್ಮೊಲೈಸಿಸ್ ಬುಲ್ಲೋಸ ಎಂಬ ಅಪರೂಪದ ಕಾಯಿಲೆಯಲ್ಲಿ ಚರ್ಮದ ಪದರಗಳನ್ನು ಹಿಡಿದಿಡುವ ಏಳನೇ ಬಗೆಯ ಕೊಲಾಜನ್ ಎಂಬ ಪ್ರೋಟೀನ್ ಸರಿಯಾಗಿ ತಯಾರಾಗುವುದಿಲ್ಲ. ಅದರ ಜೀನನ್ನು ಗಾಯಕ್ಕೆ ತಲುಪಿಸುವ ಜೆಲ್ ಒಂದನ್ನು ಅಮೆರಿಕದಲ್ಲಿ ಕೇವಲ 31 ಜನರ ಮೇಲೆ ಪರೀಕ್ಷಿಸಿದರು. ಪ್ರತಿಯೊಬ್ಬರ ಮೈಮೇಲೂ ಹೆಚ್ಚುಕಡಿಮೆ ಒಂದೇ ತೆರನ ಎರಡು ಗಾಯಗಳನ್ನು ಆರಿಸಿ, ಒಂದಕ್ಕೆ ಔಷಧದ ಜೆಲ್, ಇನ್ನೊಂದಕ್ಕೆ ಔಷಧವಿಲ್ಲದ ಜೆಲ್ ಹಚ್ಚಿದರು. ಯಾವುದು ಯಾವುದೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಆರು ತಿಂಗಳ ಬಳಿಕ ಮೊದಲ ಗುಂಪಿನ ಗಾಯಗಳಲ್ಲಿ ಶೇ 67ರಷ್ಟು ಪೂರ್ತಿ ಮಾಗಿದ್ದವು, ಎರಡನೆಯದರಲ್ಲಿ ಶೇ 22ರಷ್ಟು. ಆ 22 ಇದೆಯಲ್ಲ, ಹೋಲಿಕೆ ಇಲ್ಲದಿದ್ದರೆ ಅದೂ ಔಷಧದ ಖಾತೆಗೇ ಸೇರಿಬಿಡುತ್ತಿತ್ತು. 2023ರ ಮೇ ತಿಂಗಳಲ್ಲಿ ಅಲ್ಲಿ ಆ ಜೆಲ್‌ಗೆ ಅನುಮತಿ ದೊರೆಯಿತು.

ಮೆಲನೋಮದಂಥ ಜೀವಕ್ಕೆ ಕುತ್ತು ತರುವ ಕಾಯಿಲೆಯಲ್ಲಿ ಹೋಲಿಕೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಚಿಕಿತ್ಸೆಯೊಂದಿಗೇ ನಡೆಯುತ್ತದೆ. ಬಿಆರ್‌ಎಎಫ್ ಜೀನಿನಲ್ಲಿ ನಿರ್ದಿಷ್ಟ ಬದಲಾವಣೆ ಇದ್ದವರಿಗಷ್ಟೇ ಕೊಟ್ಟ ವೆಮುರಾಫೆನಿಬ್ ಮಾತ್ರೆಯನ್ನು ಡಕಾರ್ಬಜೀನ್ ಎಂಬ ಹಳೆಯ ಕಿಮೊಥೆರಪಿ ಔಷಧದೊಂದಿಗೆ ಹೋಲಿಸಿದ ಪ್ರಯೋಗದ ಫಲಿತಾಂಶ 2011ರಲ್ಲಿ ಹೊರಬಂತು. ಆರು ತಿಂಗಳಲ್ಲಿ ಬದುಕುಳಿದವರು ಹೊಸದರಲ್ಲಿ ಶೇ 84, ಹಳೆಯದರಲ್ಲಿ ಶೇ 64. ಈ ಅಂತರ ಕಂಡ ಕೂಡಲೇ, ಹಳೆಯ ಔಷಧದಲ್ಲಿದ್ದವರನ್ನೂ ಹೊಸದಕ್ಕೆ ಬದಲಾಯಿಸಲು ಸ್ವತಂತ್ರ ಮೇಲ್ವಿಚಾರಣಾ ಮಂಡಳಿ ಶಿಫಾರಸು ಮಾಡಿತು. ‘ನಡುವೆಯೇ ಹೊಸ ಔಷಧ ಮೇಲೆಂದು ಕಂಡರೆ ನನಗೂ ಕೊಡುತ್ತೀರಾ?’ ಎಂದು ನೀವೂ ಕೇಳಿ.

ಬಯಾಪ್ಸಿ ಎಷ್ಟು ಸಲ, ಮೈಮೇಲೆ ಎಲ್ಲಿ ಎಂದು ವಿಚಾರಿಸಿ. ಪಂಚ್ ಬಯಾಪ್ಸಿಯಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪೆನ್ಸಿಲಿನಂಥ ಸಾಧನವನ್ನು ಒತ್ತಿ ತಿರುಗಿಸಿ, ಸಾಮಾನ್ಯವಾಗಿ 3-4 ಮಿಲಿಮೀಟರ್ ಅಗಲದ ಚರ್ಮ ತೆಗೆಯುತ್ತಾರೆ. ಸಣ್ಣ ಕಲೆ ಉಳಿಯುತ್ತದೆ. ಚರ್ಮದ ಫೋಟೊ ತೆಗೆಯುವುದಾದರೆ ಅವುಗಳಲ್ಲಿ ಮುಖ ಕಾಣುತ್ತದೆಯೇ, ಅವು ಯಾರ ಬಳಿ ಉಳಿಯುತ್ತವೆ ಎಂಬುದೂ ಮಾಹಿತಿ ಪತ್ರದಲ್ಲಿರಲಿ.

ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಉಚಿತ, ಪರಿಹಾರಕ್ಕೂ ಅವಕಾಶವಿದೆ. ಕಾರಣ ಹೇಳದೆಯೇ ಯಾವಾಗ ಬೇಕಾದರೂ ಹೊರಬರಬಹುದು; ಬಂದರೆ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಕೂಡದು. ಸೇರಿದ ಮೇಲೆ ಮಾತ್ರ, ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮನ್ನಾಗಲಿ ಮನೆಮದ್ದನ್ನಾಗಲಿ ವೈದ್ಯರಿಗೆ ತಿಳಿಸದೆ ಹಚ್ಚಬೇಡಿ.

ಸಹಿಗೆ ಮುನ್ನ ಇನ್ನೊಂದು ಮಾತು ಕೇಳಿ: ಪ್ರಯೋಗ ಮುಗಿದ ಮೇಲೆ ಔಷಧದ ಗತಿಯೇನು? ಅದರಿಂದ ಗುಣ ಕಂಡಿದ್ದು, ಬೇರೆ ಚಿಕಿತ್ಸೆ ಇಲ್ಲದಿದ್ದರೆ, ವೈದ್ಯರ ಶಿಫಾರಸು ಮತ್ತು ಎಥಿಕ್ಸ್ ಕಮಿಟಿಯ ಒಪ್ಪಿಗೆಯ ಮೇಲೆ ಅದನ್ನು ಉಚಿತವಾಗಿ ಮುಂದುವರಿಸಲು ಅದೇ ನಿಯಮಗಳಲ್ಲಿ ದಾರಿಯಿದೆ. ಉತ್ತರವನ್ನು ಬರವಣಿಗೆಯಲ್ಲಿ ಪಡೆದು, ಸಹಿಯಾದ ಒಪ್ಪಿಗೆ ಪತ್ರದ ಪ್ರತಿಯೊಂದಿಗೆ ಜೋಪಾನವಾಗಿಡಿ.